ಸುಗ್ಗಿ ಮುಗಿದ ಮೇಲೆ ಕೈಸೇರಿದ ಬಂಡವಾಳ: ರಾಯಚೂರು ಭಾಗದ ಹೂಡಿಕೆದಾರರ ಬಳಗವೊಂದರ ಪ್ರಕರಣ

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಮೂವತ್ತಕ್ಕೂ ಹೆಚ್ಚು ಜನ ಸೇರಿ ಕಟ್ಟಿಕೊಂಡ ಒಂದು ಹೂಡಿಕೆದಾರರ ಬಳಗ, ಭತ್ತ ಒಣಗಿಸುವ ಯಂತ್ರಗಳನ್ನು ಬಾಡಿಗೆಗೆ ಒದಗಿಸುವ ಸಣ್ಣ ಕಂಪನಿಯೊಂದಕ್ಕೆ ಹಣ ಹಾಕಿತು. ಆ ಹಣ ತಡವಾಗಿ ತಲುಪಿತು, ಮತ್ತು ಆ ವಿಳಂಬದಿಂದ ಹುಟ್ಟಿದ ತೊಡಕುಗಳನ್ನು ಬಿಡಿಸಿಕೊಳ್ಳುವುದರಲ್ಲಿ ಬಳಗಕ್ಕೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ನಾನು ಆ ಬಳಗದ ಸದಸ್ಯ. ಸಭೆಗಳ ನಡಾವಳಿ ಬರೆಯುವ ಹೊಣೆ ಮೊದಲಿನಿಂದಲೂ ನನ್ನದು. ಇಲ್ಲಿ ಬರುವ ವ್ಯಕ್ತಿಗಳ ಹೆಸರು ಹೇಳಿಲ್ಲ, ಗುರುತು ಹಿಡಿಯಲು ಆಗದಂತೆ ಊರು ಮತ್ತು ಮೊತ್ತಗಳನ್ನು ಬದಲಿಸಿದ್ದೇನೆ. ಕಾನೂನಿನ ಅಂಶಗಳನ್ನೂ ಎಲ್ಲರಿಗೂ ಗೊತ್ತಿರುವ ಘಟನೆಗಳನ್ನೂ ಇದ್ದ ಹಾಗೆಯೇ ಬರೆದಿದ್ದೇನೆ. ಕಂಪನಿ ಕಟ್ಟಿದವರೂ ಪ್ರಕರಣದ ಕೇಂದ್ರದಲ್ಲಿದ್ದ ಸದಸ್ಯರೂ ಇದನ್ನು ಓದಿ ಒಪ್ಪಿದ್ದಾರೆ.

ಹಿನ್ನೆಲೆ

ನಮ್ಮ ಭಾಗದಲ್ಲಿ ಹಣವಿಲ್ಲ ಎನ್ನುವ ಮಾತು ಪೂರ್ತಿ ನಿಜವಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದಕ್ಕೂ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಗಳಲ್ಲಿ ಅಕ್ಕಿ ಗಿರಣಿಗಳಿವೆ, ರಾಯಚೂರಿನಲ್ಲಿ ಹತ್ತಿ ಜಿನ್ನಿಂಗ್ ಕಾರ್ಖಾನೆಗಳಿವೆ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳಿವೆ. ಇವುಗಳಲ್ಲಿ ದುಡಿದ ಹಣ ನಿವೇಶನಕ್ಕೆ, ಬಂಗಾರಕ್ಕೆ, ಚೀಟಿಗೆ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯ ಕೈಸಾಲಕ್ಕೆ ಹೋಗುತ್ತದೆ. ದಲಾಲಿ ಅಂಗಡಿಯಿಂದ ರೈತನಿಗೆ ಮುಂಗಡವಾಗಿ ಹೋಗಿ ಸುಗ್ಗಿಯಲ್ಲಿ ಫಸಲಿನ ರೂಪದಲ್ಲಿ ಮರಳುತ್ತದೆ. ಈ ಯಾವ ವ್ಯವಹಾರದಲ್ಲೂ ಹಣ ಕೊಟ್ಟವನು ಸೋಲಿನಲ್ಲಿ ಪಾಲು ಹೊರುವುದಿಲ್ಲ. ಸಂವಿಧಾನದ 371(ಜೆ) ವಿಧಿಯಿಂದ 2013ರ ನಂತರ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಶಿಕ್ಷಣದಲ್ಲಿ, ಉದ್ಯೋಗದಲ್ಲಿ ಮೀಸಲಾತಿ ಸಿಕ್ಕಿತು, ಆದರೆ ಹಾಗೆ ಓದಿ ಬಂದ ಮಕ್ಕಳು ಇಲ್ಲಿಯೇ ಒಂದು ಉದ್ಯಮ ಆರಂಭಿಸಬೇಕೆಂದರೆ ಅವರ ಜೊತೆ ನಷ್ಟಕ್ಕೂ ಎದೆಗೊಟ್ಟು ನಿಲ್ಲುವ ಬಂಡವಾಳವನ್ನು ಯಾವ ಕಾನೂನೂ ತಂದುಕೊಡಲಾರದು. ಅದನ್ನು ನಾವೇ ಮಾಡಬೇಕು ಎಂಬ ನಂಬಿಕೆಯಿಂದ 2022ರಲ್ಲಿ ಬಳಗ ಹುಟ್ಟಿತು.

ಸದಸ್ಯರಲ್ಲಿ ಅಕ್ಕಿ ಗಿರಣಿ ಮಾಲೀಕರು, ವೈದ್ಯರು, ಲೆಕ್ಕ ಪರಿಶೋಧಕರು, ನಿವೃತ್ತ ಬ್ಯಾಂಕ್ ವ್ಯವಸ್ಥಾಪಕರು, ಒಬ್ಬ ನಿವೃತ್ತ ಶಾಲಾ ಶಿಕ್ಷಕಿ, ಬೆಂಗಳೂರಿನಲ್ಲಿ ನೌಕರಿ ಮಾಡುವ ಈ ಊರುಗಳ ಮಕ್ಕಳು ಇದ್ದಾರೆ. ತಿಂಗಳ ಎರಡನೆಯ ಭಾನುವಾರ ಒಂದೊಂದು ಸಲ ಒಂದೊಂದು ಊರಿನಲ್ಲಿ ಸೇರುತ್ತೇವೆ. ಹಣವನ್ನು ಒಟ್ಟುಗೂಡಿಸಿ ಒಬ್ಬರ ಖಾತೆಯಲ್ಲಿ ಇಡುವ ಪದ್ಧತಿ ಇಲ್ಲ. ಬಳಗ ಪರಿಶೀಲಿಸುತ್ತದೆ, ಇಷ್ಟವಿದ್ದವರು ತಮ್ಮ ತಮ್ಮ ಹೆಸರಿನಲ್ಲಿ ನೇರವಾಗಿ ಕಂಪನಿಯ ಷೇರು ಕೊಳ್ಳುತ್ತಾರೆ. ಈ ಪ್ರಕರಣಕ್ಕೆ ಮುನ್ನ ಎರಡು ಕಡೆ ಸಣ್ಣ ಮೊತ್ತ ಹಾಕಿದ್ದೆವು, ಅವುಗಳ ವಿಚಾರ ಇಲ್ಲಿ ಬೇಡ.

2024ರ ಜೂನ್ ಸಭೆಗೆ ಬಂದವರು ಇಬ್ಬರು. ಒಬ್ಬರು ಕೃಷಿ ಎಂಜಿನಿಯರಿಂಗ್ ಓದಿದ ಇಪ್ಪತ್ತೇಳರ ತರುಣಿ. ಇನ್ನೊಬ್ಬರು ಅವರ ಸೋದರಮಾವನ ಮಗ, ಕಟಾವು ಯಂತ್ರಗಳನ್ನು ಬಾಡಿಗೆಗೆ ಓಡಿಸಿ ಅನುಭವವಿದ್ದವರು. ಅವರು ತಂದ ಸಮಸ್ಯೆ ನಮ್ಮ ಕಣ್ಣೆದುರಿನದೇ ಆಗಿತ್ತು. ಹಿಂದೆ ಕೈಯಿಂದ ಕೊಯ್ದ ಪೈರು ಹೊಲದಲ್ಲಿಯೇ ಒಣಗುತ್ತಿತ್ತು. ಈಗ ಹಾರ್ವೆಸ್ಟರ್ ಒಂದೇ ದಿನದಲ್ಲಿ ಕೊಯ್ದು ಚೀಲ ತುಂಬುವುದರಿಂದ ಭತ್ತದಲ್ಲಿ ಶೇಕಡಾ 20ರಿಂದ 25ರಷ್ಟು ತೇವಾಂಶ ಉಳಿದಿರುತ್ತದೆ. ಬೆಂಬಲ ಬೆಲೆಯ ಖರೀದಿ ಕೇಂದ್ರ ಶೇಕಡಾ 17ಕ್ಕಿಂತ ಹೆಚ್ಚು ತೇವವಿದ್ದ ಭತ್ತವನ್ನು ಒಪ್ಪುವುದಿಲ್ಲ, ದಾಸ್ತಾನು ಇಡಬೇಕಾದರೆ 14ಕ್ಕೆ ಇಳಿಯಬೇಕು. ಹೀಗಾಗಿ ನವೆಂಬರ್, ಡಿಸೆಂಬರ್ ಬಂದರೆ ನಮ್ಮ ರಸ್ತೆಗಳೇ ಕಣಗಳಾಗುತ್ತವೆ. ಒಂದು ಬದಿ ಡಾಂಬರಿನ ಮೇಲೆ ಹರಡಿದ ಭತ್ತ, ಅದರ ಅಂಚಿಗೆ ಇಟ್ಟ ಕಲ್ಲು, ಆ ಕಲ್ಲಿಗೆ ರಾತ್ರಿ ಬೈಕು ಡಿಕ್ಕಿಯಾಗಿ ಬಿದ್ದವರ ಸುದ್ದಿ ಪ್ರತಿವರ್ಷ ಕೇಳುತ್ತೇವೆ. ಟ್ರ್ಯಾಕ್ಟರಿಗೆ ಕಟ್ಟಿ ಹೊಲದ ಬದಿಗೇ ಒಯ್ಯಬಹುದಾದ, ಭತ್ತದ ಹೊಟ್ಟನ್ನೇ ಉರಿಸಿ ಬಿಸಿಗಾಳಿ ಹಾಯಿಸುವ ಒಣಗಿಸುವ ಯಂತ್ರವನ್ನು ಆಕೆ ಒಂದು ಹಂಗಾಮು ಪ್ರಯೋಗವಾಗಿ ಓಡಿಸಿ ತೋರಿಸಿದ್ದರು. ಒಂದು ಸಲಕ್ಕೆ 75 ಕೆ.ಜಿ.ಯ ನೂರು ಚೀಲ ಹಿಡಿಯುತ್ತಿತ್ತು. ಗಾಳಿ ಹೆಚ್ಚು ಬಿಸಿಯಾದರೆ ಕಾಳು ಒಳಗೇ ಬಿರಿದು ಗಿರಣಿಯಲ್ಲಿ ನುಚ್ಚಾಗುತ್ತದೆ ಎಂಬುದನ್ನು ಅರಿತು, ಸುಮಾರು 43 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲಿಸುವ ವ್ಯವಸ್ಥೆ ಮಾಡಿದ್ದರು. ಇನ್ನೂ ಮೂರು ಯಂತ್ರ ಮಾಡಿಸಲು 40 ಲಕ್ಷ ರೂಪಾಯಿ ಕೇಳಿದರು.

ಆ ಸಭೆಯಲ್ಲಿ ನಮ್ಮ ಹಿರಿಯ ಸದಸ್ಯರಾದ ಗಿರಣಿ ಮಾಲೀಕರೊಬ್ಬರು ಎದ್ದು ಒಂದೇ ಮಾತು ಹೇಳಿದರು: "ರೈತ ಒಣಗಿಸಾಕ ರೊಕ್ಕ ಕೊಡೂದಿಲ್ಲ. ಕೊಟ್ರ ಗಿರಣಿಯವ್ರ ಕೊಡಬೇಕು." ಆ ಮಾತನ್ನು ಯಾರೂ ಮುಂದುವರಿಸಲಿಲ್ಲ. ಅವರು ಸ್ವತಃ ಗಿರಣಿ ನಡೆಸುವವರಾದ್ದರಿಂದ ತಮ್ಮ ಅನುಕೂಲಕ್ಕೆ ಹೇಳುತ್ತಿದ್ದಾರೆಂದು ಹಲವರಿಗೆ ಅನ್ನಿಸಿತು. ನಡಾವಳಿಯಲ್ಲಿ ನಾನು ಬರೆದದ್ದು "ಸ್ವಂತ ವ್ಯಾಪಾರದ ಹಿನ್ನೆಲೆಯ ಅಭಿಪ್ರಾಯ" ಎಂದು. ಆ ನಾಲ್ಕು ಪದಗಳನ್ನು ಬರೆದದ್ದಕ್ಕೆ ನನಗೆ ಇಂದಿಗೂ ಬೇಸರವಿದೆ, ಏಕೆಂದರೆ ನಡಾವಳಿ ಬರೆಯುವವನ ಕೆಲಸ ಮಾತನ್ನು ದಾಖಲಿಸುವುದು, ಅದರ ತೂಕ ಇಳಿಸುವುದಲ್ಲ.

ಸಮಸ್ಯೆ

ಆಗಸ್ಟ್ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ಆದರೆ 10ನೆಯ ತಾರೀಖು ಶನಿವಾರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಮರುದಿನವೇ ನಮ್ಮ ಎರಡನೆಯ ಭಾನುವಾರ. ಸೇರಿದವರಲ್ಲಿ ಯಾರಿಗೂ ಯಂತ್ರದ ಮಾತು ಆಡುವ ಮನಸ್ಸಿರಲಿಲ್ಲ. ತುಂಬಿದ ಜಲಾಶಯದ ನೀರು ಹರಿದುಹೋಗುತ್ತಿರುವಾಗ ಆಗಷ್ಟೇ ನಾಟಿ ಮಾಡಿದ ಗದ್ದೆಗಳ ಗತಿ ಏನು ಎಂಬುದೇ ಎಲ್ಲರ ಚಿಂತೆಯಾಗಿತ್ತು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂಡಿಸಿದರು, ಬಳಿಕ ಮಳೆಯಾಗಿ ಜಲಾಶಯ ಮತ್ತೆ ತುಂಬಿತು. ಸೆಪ್ಟೆಂಬರಿನ ಎರಡನೆಯ ಭಾನುವಾರ ಗಣೇಶ ಚೌತಿಯ ಮರುದಿನ ಬಂದಿದ್ದರಿಂದ ಸಭೆ ಇನ್ನೊಂದು ವಾರ ಮುಂದಕ್ಕೆ ಹೋಯಿತು. ಕೊನೆಗೆ 15ರಂದು ಹನ್ನೊಂದು ಸದಸ್ಯರು ಸೇರಿ 40 ಲಕ್ಷ ಹಾಕಲು ಒಪ್ಪಿದರು. ಯಂತ್ರ ತಯಾರಿಸುವವರು ಮುಂಗಡ ಬಂದ ದಿನದಿಂದ ಆರರಿಂದ ಏಳು ವಾರ ಕೇಳಿದ್ದರು. ನವೆಂಬರ್ ಮೊದಲ ವಾರದಲ್ಲಿ ಯಂತ್ರ ಹೊಲಕ್ಕಿಳಿಯಬೇಕಾದರೆ ಆ ವಾರವೇ ಹಣ ಕೊಡಬೇಕಿತ್ತು. ಒಪ್ಪಿಗೆಗೂ ಹಣಕ್ಕೂ ನಡುವೆ ಎಷ್ಟು ದಾರಿ ಇದೆ ಎಂಬುದು ನಮ್ಮಲ್ಲಿ ಬಹುತೇಕರಿಗೆ ಗೊತ್ತಿರಲಿಲ್ಲ.

ಖಾಸಗಿ ಕಂಪನಿಯೊಂದು ಹೊರಗಿನವರಿಗೆ ಷೇರು ಕೊಟ್ಟು ಹಣ ಪಡೆಯುವುದು 2013ರ ಕಂಪನಿ ಕಾಯ್ದೆಯ 42ನೆಯ ಕಲಮಿನ ಪ್ರಕಾರ ನಡೆಯಬೇಕು. ನೋಂದಾಯಿತ ಮೌಲ್ಯಮಾಪಕರಿಂದ ಷೇರಿನ ಬೆಲೆಯ ವರದಿ, ಷೇರುದಾರರ ವಿಶೇಷ ನಿರ್ಣಯ, ಪ್ರತಿಯೊಬ್ಬ ಹೂಡಿಕೆದಾರನ ಹೆಸರಿಗೂ ಪ್ರತ್ಯೇಕ ಪ್ರಸ್ತಾವ ಪತ್ರ, ಆ ಹಣಕ್ಕೆಂದೇ ಬೇರೆ ಬ್ಯಾಂಕ್ ಖಾತೆ, ಇಷ್ಟೂ ಆಗಬೇಕು. ನಗದು ತೆಗೆದುಕೊಳ್ಳುವಂತಿಲ್ಲ. ಹಣ ಹೂಡಿಕೆದಾರನ ಸ್ವಂತ ಖಾತೆಯಿಂದಲೇ ಬರಬೇಕು. ಹಣ ಬಂದ 60 ದಿನಗಳೊಳಗೆ ಷೇರು ಹಂಚಬೇಕು. ಆಗದಿದ್ದರೆ ಮುಂದಿನ 15 ದಿನಗಳಲ್ಲಿ ಮರಳಿಸಬೇಕು, ಅದೂ ತಪ್ಪಿದರೆ ವರ್ಷಕ್ಕೆ ಶೇಕಡಾ 12ರ ಬಡ್ಡಿ. ಎಲ್ಲಕ್ಕಿಂತ ಮುಖ್ಯವಾಗಿ, ಷೇರು ಹಂಚಿ, ಅದರ ವಿವರವನ್ನು ಪಿಎಎಸ್-3 ನಮೂನೆಯಲ್ಲಿ ಕಂಪನಿ ರಿಜಿಸ್ಟ್ರಾರರಿಗೆ ಸಲ್ಲಿಸುವವರೆಗೆ ಖಾತೆಯಲ್ಲಿರುವ ಹಣದಲ್ಲಿ ಒಂದು ರೂಪಾಯಿಯನ್ನೂ ಕಂಪನಿ ಮುಟ್ಟುವಂತಿಲ್ಲ. 2012ರಿಂದ ನವೋದ್ಯಮಗಳನ್ನು ಕಾಡುತ್ತಿದ್ದ ಏಂಜೆಲ್ ತೆರಿಗೆಯನ್ನು (ನ್ಯಾಯವಾದ ಬೆಲೆಗಿಂತ ಹೆಚ್ಚಿಗೆ ಷೇರು ಮಾರಿ ಪಡೆದ ಹಣವನ್ನು ಆದಾಯವೆಂದು ಎಣಿಸಿ ಹಾಕುತ್ತಿದ್ದ ತೆರಿಗೆ) 2024ರ ಜುಲೈ ಬಜೆಟ್‌ನಲ್ಲಿ ರದ್ದುಪಡಿಸುವುದಾಗಿ ಘೋಷಿಸಿದ್ದರಿಂದ, ಇನ್ನು ಮುಂದೆ ಎಲ್ಲವೂ ಸರಾಗವೆಂಬ ಭಾವನೆ ನಮ್ಮಲ್ಲಿ ಹಬ್ಬಿತ್ತು. ತೆರಿಗೆ ಹೋದರೂ 42ನೆಯ ಕಲಮು ಎಲ್ಲಿಗೂ ಹೋಗಿರಲಿಲ್ಲ.

ಷೇರಿನ ಬೆಲೆಯನ್ನು ಈಗಲೇ ಗೊತ್ತುಮಾಡದೆ ಪರಿವರ್ತನೀಯ ಸಾಲಪತ್ರದ (ಮುಂದೆ ಷೇರಾಗಿ ಬದಲಾಗಬಲ್ಲ ಸಾಲ) ಮೂಲಕ ಹಣ ಕೊಡುವ ದಾರಿಯೂ ಇದೆ. ಆದರೆ ಅದಕ್ಕೆ ಕಂಪನಿ ಕೇಂದ್ರ ಸರ್ಕಾರದಿಂದ ಸ್ಟಾರ್ಟ್‌ಅಪ್ ಮಾನ್ಯತೆ ಪಡೆದಿರಬೇಕು, ಜೊತೆಗೆ ಒಬ್ಬೊಬ್ಬರೂ ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷ ಹಾಕಬೇಕು. ಎರಡು ಲಕ್ಷ, ಮೂರು ಲಕ್ಷ ಹಾಕುವ ನಮ್ಮಂಥವರಿಗೆ ಆ ಬಾಗಿಲು ಮುಚ್ಚಿದಂತೆಯೇ.

ಮೌಲ್ಯಮಾಪನದ ವರದಿ ಬಂದು, ನಿರ್ಣಯಗಳಾಗಿ, ಪ್ರಸ್ತಾವ ಪತ್ರಗಳು ಸದಸ್ಯರ ಕೈ ಸೇರುವಾಗ ಅಕ್ಟೋಬರ್ ಮೊದಲ ವಾರ ಕಳೆದಿತ್ತು. ಏಳು ಜನ ನಾಲ್ಕು ದಿನಗಳಲ್ಲಿ ಹಣ ಕಳುಹಿಸಿದರು. ಒಬ್ಬರು ಮೂರು ಲಕ್ಷ ನಗದನ್ನು ಚೀಲದಲ್ಲಿ ಹಿಡಿದು ಕಂಪನಿಯ ಬಾಗಿಲಿಗೇ ಬಂದರು. ಅವರ ವ್ಯಾಪಾರದಲ್ಲಿ ಮಾತು ಕೊಟ್ಟ ದಿನವೇ ಹಣ ಎಣಿಸಿಕೊಡುವುದು ಮರ್ಯಾದೆ, ಅದನ್ನು ಬೇಡವೆಂದಾಗ ನೊಂದುಕೊಂಡರು. ಗಿರಣಿ ಮಾಲೀಕರು ಪಾಲುದಾರಿಕೆ ಸಂಸ್ಥೆಯ ಚಾಲ್ತಿ ಖಾತೆಯಿಂದ ಕಳುಹಿಸಿದರು, ಅದನ್ನು ಮರಳಿಸಿ ಅವರ ಸ್ವಂತ ಖಾತೆಯಿಂದ ಮತ್ತೆ ಪಡೆಯಬೇಕಾಯಿತು. ಇನ್ನೊಬ್ಬರ ಹಣ ಅವರ ತಮ್ಮನ ಖಾತೆಯಿಂದ ಬಂತು. ನಡುವೆ ದೀಪಾವಳಿ. ಕೊನೆಯ ಕಂತು ನವೆಂಬರ್ ಎರಡನೆಯ ವಾರದಲ್ಲಿ ಬಂದಾಗ, ನಮೂನೆಗೆ ಸಹಿ ಹಾಕಬೇಕಾದ ನಿರ್ದೇಶಕರ ಡಿಜಿಟಲ್ ಸಹಿಯ ಅವಧಿ ಮುಗಿದಿತ್ತು. ಮೊದಲು ಹಣ ಕಟ್ಟಿದವರ 60 ದಿನ ಮುಗಿಯಲು ಕೆಲವೇ ದಿನ ಇರುವಾಗ ಪಿಎಎಸ್-3 ಸಲ್ಲಿಕೆಯಾಯಿತು. ಅಷ್ಟು ಹೊತ್ತಿಗೆ ಎಡದಂಡೆಯ ಮೇಲ್ಭಾಗದಲ್ಲಿ ಕಟಾವು ಮುಗಿಯುತ್ತ ಬಂದಿತ್ತು. ಯಂತ್ರಗಳು ಬಂದದ್ದು 2025ರ ಜನವರಿಯಲ್ಲಿ.

ಮಾಡಿದ ಪ್ರಯತ್ನಗಳು

ಹಂಗಾಮು ತಪ್ಪಿದ್ದಕ್ಕಿಂತ ಹೆಚ್ಚಿನ ತೊಂದರೆ ಕಾಯುತ್ತಿದ್ದ ತಿಂಗಳುಗಳಲ್ಲಿ ಹುಟ್ಟಿತ್ತು. ಆಪರೇಟರುಗಳನ್ನು ಅಕ್ಟೋಬರಿನಲ್ಲಿಯೇ ಕೆಲಸಕ್ಕೆ ತೆಗೆದುಕೊಂಡಿದ್ದರು, ಹಳೆಯ ಒಂದೇ ಯಂತ್ರ ದುಡಿಯುತ್ತಿತ್ತು, ಸಂಬಳಕ್ಕೆ ಹಣವಿರಲಿಲ್ಲ, ಖಾತೆಯಲ್ಲಿದ್ದ ಲಕ್ಷಗಳನ್ನು ಮುಟ್ಟುವಂತಿರಲಿಲ್ಲ. ನವೆಂಬರ್ ಕೊನೆಯ ಒಂದು ಸಂಜೆ ಸಂಸ್ಥಾಪಕಿ ಗಿರಣಿ ಮಾಲೀಕರ ಮನೆಗೆ ಹೋಗಿ ಕಷ್ಟ ಹೇಳಿಕೊಂಡರು. ಅವರು ಬಡ್ಡಿಯ ಮಾತೇ ಎತ್ತದೆ ಎಂಟು ಲಕ್ಷ ಮುಂಗಡ ಕೊಟ್ಟರು. ಛಾಪಾ ಕಾಗದದ ಮೇಲೆ ಎರಡು ಷರತ್ತು ಬರೆಯಲಾಯಿತು: ಮುಂದಿನ ಎರಡು ಹಂಗಾಮು ಎಲ್ಲ ಯಂತ್ರಗಳೂ ಮೊದಲು ಅವರ ಗಿರಣಿಗೂ ಅವರು ಹೇಳಿದ ಗಿರಣಿಗಳಿಗೂ ದುಡಿಯಬೇಕು, ದರ ಪರಸ್ಪರ ಒಪ್ಪಿಗೆಯಂತೆ.

ಕೊಟ್ಟವರ ಮನಸ್ಸಿನಲ್ಲಿ ಮೋಸವಿರಲಿಲ್ಲವೆಂದು ನಾನು ನಂಬುತ್ತೇನೆ. ಮುಂಗಡ ಕೊಟ್ಟವನಿಗೆ ಫಸಲು ಮೊದಲು ಬರುವುದು ನಮ್ಮ ಮಾರುಕಟ್ಟೆಯ ಎಂದಿನ ರೂಢಿ. ಆದರೆ ಅಂದಿನಿಂದ ಅವರು ಕಂಪನಿಯ ಷೇರುದಾರರೂ ಹೌದು, ಮುಂಗಡ ಕೊಟ್ಟವರೂ ಹೌದು, ದರ ಗೊತ್ತುಮಾಡುವ ಏಕೈಕ ದೊಡ್ಡ ಗಿರಾಕಿಯೂ ಹೌದು. ಷೇರುದಾರರ ಒಪ್ಪಂದದಲ್ಲಿ, ಯಾವುದೇ ಹೂಡಿಕೆದಾರರ ಜೊತೆ ವ್ಯವಹಾರ ಮಾಡುವ ಮುನ್ನ ಉಳಿದವರಿಗೆ ತಿಳಿಸಬೇಕೆಂಬ ಷರತ್ತು ಇತ್ತು. ಆ ಒಪ್ಪಂದ ಇಂಗ್ಲಿಷಿನ ನಲವತ್ತು ಪುಟಗಳದ್ದು. ಸಹಿ ಹಾಕಿದ ಹದಿಮೂರು ಜನರಲ್ಲಿ ಅದನ್ನು ಕೊನೆಯವರೆಗೆ ಓದಿದವರು ಇಬ್ಬರು, ಅವರಲ್ಲಿ ಸಂಸ್ಥಾಪಕಿಯೂ ಇರಲಿಲ್ಲ, ಗಿರಣಿ ಮಾಲೀಕರೂ ಇರಲಿಲ್ಲ.

2025ರ ಫೆಬ್ರವರಿ 9ರ ಸಭೆಯಲ್ಲಿ ಲೆಕ್ಕಪತ್ರ ನೋಡುವಾಗ ಈ ಮುಂಗಡ ಬೆಳಕಿಗೆ ಬಂತು. ಅಷ್ಟು ಕಹಿಯಾದ ಸಭೆ ನಮ್ಮಲ್ಲಿ ಹಿಂದೆ ನಡೆದಿರಲಿಲ್ಲ. ಕರಾರನ್ನು ಅಂದೇ ರದ್ದುಪಡಿಸಬೇಕೆಂದು ಕೆಲವರು, ಸಂಸ್ಥಾಪಕಿ ನಂಬಿಕೆ ಕಳೆದುಕೊಂಡರೆಂದು ಕೆಲವರು ಹೇಳಿದರು. ಆಕೆ ಅಳಲಿಲ್ಲ, ತಪ್ಪನ್ನು ಅಲ್ಲಗಳೆಯಲೂ ಇಲ್ಲ. ಡಿಸೆಂಬರಿನ ಸಂಬಳದ ಪಟ್ಟಿಯನ್ನು ಮೇಜಿನ ಮೇಲಿಟ್ಟು, "ನಿಮಗ ಫೋನ್ ಮಾಡಿದ್ದೆ ಸರ್, ನಮೂನೆ ಆಗಲಿ ಅಂದ್ರಿ" ಎಂದು ನನ್ನತ್ತ ನೋಡಿದರು. ಆಕೆ ಹೇಳಿದ್ದು ನಿಜ. ಎರಡು ಸಲ ಫೋನ್ ಮಾಡಿದ್ದರು, ಎರಡೂ ಸಲ ನಾನು ಕಾನೂನು ಹೇಳಿದ್ದೆ, ಸಂಬಳ ಹೇಗೆ ಕೊಡುತ್ತೀರಿ ಎಂದು ಕೇಳಿರಲಿಲ್ಲ.

ನಿವೃತ್ತ ಬ್ಯಾಂಕ್ ವ್ಯವಸ್ಥಾಪಕರು ಮತ್ತು ಒಬ್ಬ ವೈದ್ಯೆ, ಇಬ್ಬರ ಸಮಿತಿಯೊಂದು ಕಂಪನಿಯ ಮೇಲ್ವಿಚಾರಣೆಗೆ ನೇಮಕವಾಯಿತು. ಗಿರಣಿ ಮಾಲೀಕರನ್ನು ಈ ಕಂಪನಿಯ ಚರ್ಚೆಗಳಿಂದ ಪೂರ್ತಿ ಹೊರಗಿಡಲಾಯಿತು. ಅವರು ಏನೂ ಹೇಳದೆ ಎದ್ದುಹೋದರು, ಮಾರ್ಚಿನಿಂದ ಬಳಗದ ಸಭೆಗೇ ಬರುವುದನ್ನು ಬಿಟ್ಟರು. ಹಿತಾಸಕ್ತಿ ಇದ್ದವರನ್ನು ಮತದಿಂದ ದೂರವಿಡುವುದು ಸರಿಯಾದ ಕ್ರಮ ಎಂಬುದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಆದರೆ ಮತದ ಜೊತೆಗೆ ಮಾತನ್ನೂ ಹೊರಗೆ ಹಾಕಿದೆವು, ಅಕ್ಕಿಯ ವ್ಯಾಪಾರವನ್ನು ಮೂವತ್ತು ವರ್ಷ ಮಾಡಿದ ಒಬ್ಬರೇ ಒಬ್ಬರ ತಿಳಿವಳಿಕೆ ಇಲ್ಲದೆ ಬೇಸಿಗೆ ಹಂಗಾಮಿಗೆ ಇಳಿದೆವು.

ಏಪ್ರಿಲ್‌ನಲ್ಲಿ ಎರಡನೆಯ ಬೆಳೆಯ ಕಟಾವು ಶುರುವಾಯಿತು. ಸಮಿತಿಯ ಸಲಹೆಯಂತೆ ಕಂಪನಿ ನೇರವಾಗಿ ರೈತರ ಬಳಿ ಹೋಯಿತು, ಚೀಲಕ್ಕೆ ಇಷ್ಟು ಎಂದು ದರ ಸಾರಿತು. ಮೊದಲ ವಾರ ಕುತೂಹಲಕ್ಕೆ ಕೆಲವರು ಬಂದರು, ಎರಡನೆಯ ವಾರ ಯಾರೂ ಬರಲಿಲ್ಲ. ಸಿಂಧನೂರು ಕಡೆಯ ಒಬ್ಬ ಹಿರಿಯ ರೈತ ಸಂಸ್ಥಾಪಕಿಯನ್ನು ಕೇಳಿದ ಪ್ರಶ್ನೆಯನ್ನು ಆಕೆ ನಮಗೆ ಹಾಗೆಯೇ ವರದಿ ಮಾಡಿದರು: "ನನ್ನ ನೆಲ್ಲು ಒಣಗಿಸಿ ತೂಕ ಇಳಿಸಾಕ ನಾನ ರೊಕ್ಕ ಕೊಡಬೇಕೇನ್ರಿ, ಅಕ್ಕಾರೆ?"

ಆ ಪ್ರಶ್ನೆಯೊಳಗೆ ಒಂದು ಪೂರ್ತಿ ಲೆಕ್ಕವಿದೆ, ನಾವು ಯಾರೂ ಅದನ್ನು ಮಾಡಿ ನೋಡಿರಲಿಲ್ಲ. ಶೇಕಡಾ 22ರ ತೇವಾಂಶವಿರುವ 75 ಕೆ.ಜಿ. ಭತ್ತದಲ್ಲಿ ನೀರು ಕಳೆದರೆ ಉಳಿಯುವ ಒಣ ತೂಕ 58.5 ಕೆ.ಜಿ. ಅದನ್ನು ಶೇಕಡಾ 14ಕ್ಕೆ ಇಳಿಸಿದಾಗ ಚೀಲದ ತೂಕ 68 ಕೆ.ಜಿ. ಆಗುತ್ತದೆ. ಅಂದರೆ ಚೀಲಕ್ಕೆ ಏಳು ಕೆ.ಜಿ. ನೀರಾಗಿ ಹೋಗುತ್ತದೆ. 2024-25ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,300 ರೂಪಾಯಿ. ಆ ದರದಲ್ಲಿ ಏಳು ಕೆ.ಜಿ. ಎಂದರೆ 161 ರೂಪಾಯಿ. ಒಣ ಭತ್ತಕ್ಕೂ ಹಸಿ ಭತ್ತಕ್ಕೂ ಮಾರುಕಟ್ಟೆ ಇದನ್ನು ತುಂಬಿಕೊಡುವಷ್ಟು ಬೆಲೆ ವ್ಯತ್ಯಾಸ ಕೊಡದ ದಿನ, ರೈತ ಒಣಗಿಸುವ ಬಾಡಿಗೆಯ ಮೇಲೆ ಈ 161 ರೂಪಾಯಿಯನ್ನೂ ಕಳೆದುಕೊಳ್ಳುತ್ತಾನೆ. ಹಸಿಯಾಗಿಯೇ ಮಾರಿ ಹಣ ಎಣಿಸಿಕೊಂಡು ಹೋಗುವುದು ಅವನ ಮಟ್ಟಿಗೆ ಪೂರ್ತಿ ವಿವೇಕದ ನಡೆ. ನಷ್ಟ ನಿಜವಾಗಿ ಬೀಳುವುದು ಹಸಿ ಭತ್ತ ಕೊಂಡ ಗಿರಣಿಯ ಮೇಲೆ: ಅಂಗಳದಲ್ಲಿ ಜಾಗ ಸಾಲದೆ, ಬಿಸಿಲು ಸಾಲದೆ, ರಾಶಿ ಕಾವೇರಿ ಅಕ್ಕಿ ಹಳದಿಯಾಗುವುದು, ನುಚ್ಚು ಹೆಚ್ಚುವುದು ಅಲ್ಲಿಯೇ. ಗಿರಣಿ ಮಾಲೀಕರು ಹತ್ತು ತಿಂಗಳ ಹಿಂದೆ ಒಂದೇ ವಾಕ್ಯದಲ್ಲಿ ಹೇಳಿದ್ದು ಇದನ್ನೇ.

ಏನಾಯಿತು

ಮೇ ತಿಂಗಳಲ್ಲಿ ಬ್ಯಾಂಕ್ ವ್ಯವಸ್ಥಾಪಕರು ಯಾರನ್ನೂ ಕೇಳದೆ ಗಿರಣಿ ಮಾಲೀಕರ ಮನೆಗೆ ಒಬ್ಬರೇ ಹೋದರು. ಅಲ್ಲಿ ನಡೆದ ಮಾತನ್ನು ಇಬ್ಬರೂ ಹೆಚ್ಚು ಹೇಳಿಲ್ಲ. "ನೀವು ಹೇಳಿದ್ದು ಸರಿ ಇತ್ತು ಅಂತ ಹೇಳಾಕ ಬಂದೀನಿ" ಎಂಬ ಮಾತಿನಿಂದ ಶುರುವಾಯಿತೆಂದು ಮಾತ್ರ ಗೊತ್ತು. ಈ ಪ್ರಕರಣ ತಿರುಗಿದ್ದು ಅಲ್ಲಿ ಎಂದು ನಾನು ಭಾವಿಸುತ್ತೇನೆ. ನಾವು ಮಾಡಿದ ಯಾವ ನಿರ್ಣಯಕ್ಕೂ ಅಷ್ಟು ಬಲವಿರಲಿಲ್ಲ.

ಜೂನ್ 8ರ ಸಭೆಗೆ ಅವರು ಬಂದರು. ಮೊದಲ ಅರ್ಧ ಗಂಟೆ ಅವರೊಬ್ಬರೇ ಮಾತನಾಡಿದರು, ಬಳಿಕ ಮತಕ್ಕೆ ಮುನ್ನ ತಾವಾಗಿಯೇ ಹೊರಗೆ ಹೋಗಿ ಕುಳಿತರು. ಅವರು ಹೇಳಿದ್ದು ಎರಡು ಸಂಗತಿ. ಭತ್ತವನ್ನು ಬೇಯಿಸಿ ಒಣಗಿಸಿ ಕುಸುಬಲಕ್ಕಿ ಮಾಡುವ ದೊಡ್ಡ ಗಿರಣಿಗಳಲ್ಲಿ ಒಣಗಿಸುವ ವ್ಯವಸ್ಥೆ ಆಗಲೇ ಇರುತ್ತದೆ, ಅವರ ಹಿಂದೆ ಹೋಗಬೇಡಿ. ಬೆಳ್ತಿಗೆ ಅಕ್ಕಿ ಮಾಡುವ, ಅಂಗಳವನ್ನೇ ನಂಬಿದ ಸಣ್ಣ ಗಿರಣಿಗಳನ್ನು ಹಿಡಿಯಿರಿ. ದರವನ್ನು ಚೀಲಕ್ಕೆ ಇಡಬೇಡಿ, ಇಳಿಸಿದ ತೇವಾಂಶದ ಪಾಯಿಂಟಿಗೆ ಇಡಿ. ಶೇಕಡಾ 19ರ ಭತ್ತಕ್ಕೂ 24ರ ಭತ್ತಕ್ಕೂ ಒಂದೇ ದರ ಎಂದರೆ ಗಿರಣಿಯವರು ಅತಿ ಹಸಿಯಾದದ್ದನ್ನೇ ನಿಮಗೆ ಕಳುಹಿಸುತ್ತಾರೆ, ನಿಮ್ಮ ಯಂತ್ರ ರಾತ್ರಿಯಿಡೀ ಓಡಿ ನಷ್ಟ ಮಾಡುತ್ತದೆ.

ಕಂಪನಿಯನ್ನು ಮುಚ್ಚಿ ಉಳಿದದ್ದನ್ನು ಹಂಚಿಕೊಳ್ಳುವ ಸಲಹೆಯೂ ಅಂದು ಬಂದಿತ್ತು, ಅದಕ್ಕೆ ಮೂರು ಮತ ಬಿದ್ದವು. ಉಳಿದವರು ಮುಂದುವರಿಯಲು ಒಪ್ಪಿದರು, ಹೊಸ ಹಣ ಕೊಡದೆ. ಮುಂಗಡದ ಕರಾರಿನಲ್ಲಿದ್ದ ಮೊದಲ ಹಕ್ಕಿನ ಷರತ್ತನ್ನು ಗಿರಣಿ ಮಾಲೀಕರು ಬಿಟ್ಟುಕೊಟ್ಟರು. ಎಂಟು ಲಕ್ಷವನ್ನು ಎಲ್ಲ ಗಿರಣಿಗಳಿಗೂ ಅನ್ವಯಿಸುವ ಬಹಿರಂಗ ದರಪಟ್ಟಿಯಂತೆ ಅವರ ಒಣಗಿಸುವ ಬಾಬ್ತಿಗೆ ವಜಾ ಮಾಡಿಕೊಳ್ಳಬೇಕೆಂದಾಯಿತು. ಇದರಲ್ಲೂ ಒಂದು ಗಡುವು ಇತ್ತು: ಸೇವೆಗಾಗಿ ಪಡೆದ ಮುಂಗಡವನ್ನು 365 ದಿನಗಳಲ್ಲಿ ಆ ಸೇವೆಗೆ ಹೊಂದಿಸದಿದ್ದರೆ ಕಂಪನಿ ಕಾಯ್ದೆಯ ನಿಯಮಗಳ ಪ್ರಕಾರ ಅದು ಠೇವಣಿ ಎನಿಸಿಕೊಳ್ಳುತ್ತದೆ. ನಮ್ಮ ಲೆಕ್ಕ ಪರಿಶೋಧಕರು ಇದನ್ನು ನೆನಪಿಸಿದ್ದರಿಂದ ನವೆಂಬರ್ ಕೊನೆಯೊಳಗೆ ಅದನ್ನು ತೀರಿಸಲೇಬೇಕೆಂದು ಬರೆದಿಟ್ಟೆವು.

ಮುಂಗಾರು ಹಂಗಾಮಿಗೆ ನಾಲ್ಕು ಸಣ್ಣ ಗಿರಣಿಗಳು ಒಪ್ಪಂದ ಮಾಡಿಕೊಂಡವು. ಅಕ್ಟೋಬರಿನಲ್ಲಿ, ಭತ್ತ ಇನ್ನೂ ಹೊಲದಲ್ಲಿರುವಾಗಲೇ, ಒಂದು ಯಂತ್ರವನ್ನು ಕೊಪ್ಪಳ ಜಿಲ್ಲೆಗೆ ಒಯ್ದು ಮೆಕ್ಕೆಜೋಳ ಒಣಗಿಸಿ ನೋಡಿದರು. ಜರಡಿ ಬದಲಿಸಬೇಕಾಯಿತು, ಆದರೆ ಯಂತ್ರ ಒಗ್ಗಿತು. ನವೆಂಬರಿನಲ್ಲಿ ನಾಲ್ಕೂ ಯಂತ್ರಗಳು ಹಗಲು ರಾತ್ರಿ ಓಡಿದವು. ಮುಂಗಡ ಗಡುವಿನೊಳಗೆ ಪೂರ್ತಿ ವಜಾ ಆಯಿತು. ಸಂಬಳ, ಡೀಸೆಲ್, ದುರಸ್ತಿಯ ಖರ್ಚು ಕಂಪನಿಯ ಆದಾಯದಿಂದಲೇ ನಡೆದವು; ಯಂತ್ರಗಳ ಸವಕಳಿಯನ್ನು ಸೇರಿಸಿದರೆ ಇನ್ನೂ ನಷ್ಟವಿದೆ.

ಅದೇ ನವೆಂಬರಿನಲ್ಲಿ, ತುಂಗಭದ್ರಾ ಜಲಾಶಯದ ಗೇಟುಗಳನ್ನು ಬದಲಿಸಬೇಕಾಗಿರುವುದರಿಂದ ಎರಡನೆಯ ಬೆಳೆಗೆ ಕಾಲುವೆಗೆ ನೀರು ಬಿಡುವುದಿಲ್ಲವೆಂದು ನೀರಾವರಿ ಸಲಹಾ ಸಮಿತಿ ತೀರ್ಮಾನಿಸಿತು. ಗೇಟು ಬದಲಾಗಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಎರಡು ಹಂಗಾಮಿನ ಲೆಕ್ಕದ ಮೇಲೆ ನಿಂತ ಕಂಪನಿಗೆ 2026ರ ಬೇಸಿಗೆಯಲ್ಲಿ ಭತ್ತವೇ ಇಲ್ಲದಂತಾಯಿತು.

ಬಳಗದಲ್ಲಿ ಬದಲಾದದ್ದು

ಈಗ ಬಳಗ ಯಾವ ಕಂಪನಿಯನ್ನೂ ಮೊದಲ ಸಲ ಕರೆಯುವ ಮುನ್ನ ಅದರ ವರ್ಷವನ್ನು ಕೇಳುತ್ತದೆ: ಯಾವ ತಿಂಗಳಲ್ಲಿ ಹಣ ಕೈಯಲ್ಲಿರಬೇಕು, ಯಾವ ತಿಂಗಳು ದಾಟಿದರೆ ಹಣ ಬಂದೂ ಪ್ರಯೋಜನವಿಲ್ಲ. ಅಲ್ಲಿಂದ ಹಿಂದಕ್ಕೆ ನಾಲ್ಕು ತಿಂಗಳು ಎಣಿಸಿ ಕಾಗದಪತ್ರದ ಕೆಲಸ ಶುರು ಮಾಡುತ್ತೇವೆ. ಮತ ಬೀಳುವ ಮುನ್ನವೇ ಪ್ರತ್ಯೇಕ ಖಾತೆ, ಡಿಜಿಟಲ್ ಸಹಿ ಸಿದ್ಧವಿರಬೇಕು. ಸದಸ್ಯರು ತಮ್ಮ ಸ್ವಂತ ಉಳಿತಾಯ ಖಾತೆಯ ವಿವರವನ್ನು ವರ್ಷದ ಆರಂಭದಲ್ಲಿಯೇ ಕೊಟ್ಟಿರುತ್ತಾರೆ. ಒಪ್ಪಂದದ ಸಾರವನ್ನು ಕನ್ನಡದಲ್ಲಿ ನಾಲ್ಕು ಪುಟ ಬರೆದು, ಸಹಿಗೆ ಮುನ್ನ ಸಭೆಯಲ್ಲಿ ಎಲ್ಲರೆದುರು ಓದುತ್ತೇವೆ. ಮೊದಲ ಸಲ ಓದಿದಾಗ ಎರಡೂವರೆ ಗಂಟೆ ಹಿಡಿಯಿತು, ಯಾರೂ ಎದ್ದುಹೋಗಲಿಲ್ಲ. ನಗದು ಹಿಡಿದು ಬಂದಿದ್ದ ಆ ಸದಸ್ಯರೇ ಅಂದು ಅತಿ ಹೆಚ್ಚು ಪ್ರಶ್ನೆ ಕೇಳಿದರು.

ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ಏಂಜೆಲ್ ಫಂಡ್ (ಹಲವರ ಹಣ ಸೇರಿಸಿ ನವೋದ್ಯಮಗಳಲ್ಲಿ ಹೂಡುವ ನಿಧಿ) ಆಗಿ ನೋಂದಾಯಿಸಿಕೊಂಡರೆ ಕೆಲಸ ಸುಲಭವಾಗುತ್ತದೆಯೇ ಎಂದೂ ಚರ್ಚಿಸಿದೆವು. 2025ರಲ್ಲಿ ಬದಲಾದ ನಿಯಮದ ಪ್ರಕಾರ ಅಂಥ ಫಂಡ್ ಮಾನ್ಯತೆ ಪಡೆದ ಹೂಡಿಕೆದಾರರಿಂದ ಮಾತ್ರ ಹಣ ಪಡೆಯಬಹುದು. ಆ ಮಾನ್ಯತೆಗೆ ವ್ಯಕ್ತಿಯೊಬ್ಬರ ವಾರ್ಷಿಕ ಆದಾಯ ಎರಡು ಕೋಟಿ ಇರಬೇಕು, ಇಲ್ಲವೆ ನಿವ್ವಳ ಆಸ್ತಿ ಏಳೂವರೆ ಕೋಟಿ, ಅಥವಾ ಒಂದು ಕೋಟಿ ಆದಾಯದ ಜೊತೆಗೆ ಐದು ಕೋಟಿ ನಿವ್ವಳ ಆಸ್ತಿ ಇದ್ದು, ಆ ಆಸ್ತಿಯಲ್ಲಿ ಕನಿಷ್ಠ ಅರ್ಧ ಹಣಕಾಸಿನ ರೂಪದಲ್ಲಿ ಇರಬೇಕು. ನಮ್ಮವರ ಆಸ್ತಿ ಗದ್ದೆಯಲ್ಲಿದೆ, ಗಿರಣಿಯಲ್ಲಿದೆ. ಆ ವಿಚಾರ ಅಲ್ಲಿಗೇ ನಿಂತಿತು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ನಿವೃತ್ತ ಶಿಕ್ಷಕಿಯ ವಿಚಾರ. ಅವರು ಹಾಕಿದ್ದು ಎರಡು ಲಕ್ಷ. 2025ರ ಮಾರ್ಚಿನಲ್ಲಿ ಮನೆಯಲ್ಲಿ ಆಸ್ಪತ್ರೆಯ ಖರ್ಚು ಬಂದಾಗ ನನಗೆ ಫೋನ್ ಮಾಡಿ, ಬಡ್ಡಿ ಬೇಡ, ಅಸಲು ಕೊಡಿಸಿ ಎಂದರು. ಷೇರಿನ ಹಣಕ್ಕೆ ಅಸಲು ಎಂಬುದಿಲ್ಲ, ಬ್ಯಾಂಕಿನ ಠೇವಣಿಯಂತೆ ಬೇಕೆಂದಾಗ ಮುರಿಯಲಾಗದು ಎಂಬುದನ್ನು ಹಣ ಹಾಕುವ ದಿನ ಅವರಿಗೆ ಅರ್ಥವಾಗುವ ಮಾತಿನಲ್ಲಿ ಯಾರೂ ಹೇಳಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ. ನಮ್ಮೆಲ್ಲರ ಮೇಲಿನ ವಿಶ್ವಾಸದಿಂದ ಸಹಿ ಮಾಡಿದ್ದರು. ಕೊನೆಗೆ ಇಬ್ಬರು ಸದಸ್ಯರು ಅವರ ಷೇರುಗಳನ್ನು ಅವರು ಕೊಟ್ಟ ಬೆಲೆಗೇ ಕೊಂಡರು. ಅದು ಆ ಇಬ್ಬರ ದೊಡ್ಡತನವೇ ಹೊರತು ವ್ಯವಸ್ಥೆ ಒದಗಿಸಿದ ದಾರಿಯಲ್ಲ. ಈಗ ಹೊಸ ಸದಸ್ಯರ ಜೊತೆ ಇಬ್ಬರು ಹಿರಿಯ ಸದಸ್ಯರು ಕುಳಿತು, ಈ ಹಣ ಪೂರ್ತಿ ಹೋದರೆ ನಿಮ್ಮ ಮನೆಯ ಯಾವ ಖರ್ಚು ನಿಲ್ಲುತ್ತದೆ ಎಂದು ಕೇಳುತ್ತಾರೆ. ಉತ್ತರ ಕೇಳಿ ಇಬ್ಬರನ್ನು ಈ ವರ್ಷ ಹಿಂದಕ್ಕೆ ಕಳುಹಿಸಿದ್ದೇವೆ. ಇಬ್ಬರೂ ಸಭೆಗೆ ಬರುತ್ತಾರೆ, ಪ್ರಶ್ನೆ ಕೇಳುತ್ತಾರೆ, ಹಣ ಹಾಕುವುದಿಲ್ಲ.

ಹಿತಾಸಕ್ತಿಯ ನಿಯಮವನ್ನೂ ತಿದ್ದಿದೆವು. ಪ್ರಸ್ತಾವದ ಜೊತೆ ವ್ಯಾಪಾರದ ಸಂಬಂಧವಿರುವ ಸದಸ್ಯರು ಅದನ್ನು ಮೊದಲೇ ಘೋಷಿಸಬೇಕು, ಮೊದಲು ಅವರೇ ಮಾತನಾಡಬೇಕು, ಮತದ ಹೊತ್ತಿಗೆ ಹೊರಗಿರಬೇಕು. ಅವರ ಮಾತನ್ನು ನಡಾವಳಿಯಲ್ಲಿ ಅವರ ಪದಗಳಲ್ಲಿಯೇ ಬರೆಯಬೇಕು. ಈ ಕೊನೆಯ ಸಾಲನ್ನು ಸೇರಿಸಲು ಕೇಳಿಕೊಂಡವನು ನಾನು.

ಈಗ ಮೂರು ಯಂತ್ರಗಳು ಗಂಗಾವತಿ ರಸ್ತೆಯ ಒಂದು ಶೆಡ್ಡಿನಲ್ಲಿ ನಿಂತಿವೆ, ಒಂದು ಕುಷ್ಟಗಿ ಕಡೆ ಕೊಳವೆಬಾವಿ ನೀರಿನ ಮೆಕ್ಕೆಜೋಳಕ್ಕೆ ಹೋಗಿದೆ. ಆಪರೇಟರುಗಳಲ್ಲಿ ಇಬ್ಬರನ್ನು ಉಳಿಸಿಕೊಳ್ಳಲು ಮುಂಗಾರಿನವರೆಗಿನ ಸಂಬಳಕ್ಕೆ ಸಂಸ್ಥಾಪಕಿ ಆರು ಲಕ್ಷ ಕೇಳಿದ್ದಾರೆ; ಈ ಸಲ ಹಣ ಬೇಕಾಗುವುದಕ್ಕೆ ನಾಲ್ಕು ತಿಂಗಳು ಮುಂಚೆ, ಎಲ್ಲ ಸದಸ್ಯರಿಗೂ ಕನ್ನಡದಲ್ಲಿ ಪತ್ರ ಬರೆದು. ಮುಂದಿನ ಎರಡನೆಯ ಭಾನುವಾರದ ಕಾರ್ಯಸೂಚಿಯಲ್ಲಿ ಅದೇ ಮೊದಲ ವಿಷಯ. ಗಿರಣಿ ಮಾಲೀಕರು ಮೊದಲು ಮಾತನಾಡಿ, ಬಳಿಕ ಹೊರಗೆ ಹೋಗಿ ಕುಳಿತುಕೊಳ್ಳುತ್ತಾರೆ.